ಕೊಡಗಿನ ಮೇಲೆ ಬೀಳುವ ಹಿಮ, ಕೊಡಗಿಗೆ ತಲುಪುವ ಹನಿ

ಬೇಸಿಗೆಯಲ್ಲಿ ಸೋಮವಾರಪೇಟೆ, ಶನಿವಾರಸಂತೆ ಕಡೆ ಜೋರಾಗಿ ಆಲಿಕಲ್ಲು ಬಿದ್ದ ಸಂಜೆ ಎಲ್ಲರ ಮೊಬೈಲಿಗೂ ಒಂದೇ ಬಗೆಯ ವಿಡಿಯೊ ಬರುತ್ತದೆ. ಬೆಳ್ಳಗಾದ ಅಂಗಳ, ಬೆಳ್ಳಗಾದ ಕಾಫಿ ಗಿಡದ ಬುಡ, ಕೊಡಗು ಕಾಶ್ಮೀರವಾಯಿತು ಎಂಬ ಬರಹ. ಅಂಗಳದಲ್ಲಿ ಬಿದ್ದಿರುವುದು ಹಿಮವಲ್ಲ, ಮಂಜುಗಡ್ಡೆಯ ಕಲ್ಲು. ಆದರೆ ಅದೇ ಹೊತ್ತಿಗೆ ಆ ಅಂಗಳದ ನೆತ್ತಿಯ ಮೇಲೆ, ಸುಮಾರು 5 ಕಿ.ಮೀ. ಎತ್ತರದಲ್ಲಿ, ನಿಜವಾದ ಹಿಮವೂ ಬೀಳುತ್ತಿರುತ್ತದೆ. ಅದರಲ್ಲಿ ಸೆಂಟಿಮೀಟರ್ ಅಗಲದ ಚಕ್ಕೆಗಳೂ ಇರುತ್ತವೆ. ಕೊಡಗಿನಲ್ಲಿ ಗುಡುಗು ಮಳೆ ಬಂದಾಗಲೆಲ್ಲ ಮೇಲೆ ನಡೆಯುವ ಸಂಗತಿ ಇದು. ಹೂಮಳೆಯಲ್ಲಿ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯಲ್ಲಿ, ಶೀಟಿನ ಮೇಲೆ ಪಟಪಟ ಬಡಿಯುವ ದಪ್ಪ ಹನಿಗಳಲ್ಲಿ ಬಹಳಷ್ಟು ಕೆಲವೇ ನಿಮಿಷಗಳ ಹಿಂದೆ ಹಿಮವಾಗಿದ್ದವು. ಹನಿಯ ಗಾತ್ರ ಅರ್ಥವಾಗಬೇಕಾದರೆ ಹಿಮದ ಚಕ್ಕೆ ಹೇಗೆ ದೊಡ್ಡದಾಗುತ್ತದೆ ಎಂಬಲ್ಲಿಂದಲೇ ಶುರು ಮಾಡಬೇಕು.

ಚಿತ್ರಗಳಲ್ಲಿ ಕಾಣುವ ಆರು ಕೈಗಳ ನಕ್ಷತ್ರ ಒಂದೇ ಒಂದು ಹರಳು. ಎಷ್ಟೇ ಚೆನ್ನಾಗಿ ಬೆಳೆದರೂ ಅದು ಕೆಲವು ಮಿಲಿಮೀಟರ್ ಅಷ್ಟೇ. 10 ಮಿ.ಮೀ. ಮುಟ್ಟಿದರೆ ಅದು ಅಪರೂಪದ ಹರಳು. ಎರಡು, ನಾಲ್ಕು ಸೆಂಟಿಮೀಟರ್ ಅಗಲದ್ದು ಬಿತ್ತು ಎಂದರೆ ಅದು ಹತ್ತಾರು, ಕೆಲವೊಮ್ಮೆ ನೂರಾರು ಹರಳುಗಳು ಒಂದಕ್ಕೊಂದು ಅಂಟಿಕೊಂಡ ಗೊಂಚಲು. ಈ ಗೊಂಚಲನ್ನೇ ಇಲ್ಲಿ ಚಕ್ಕೆ ಎನ್ನುತ್ತೇವೆ. ಹರಳು ಬೆಳೆಯುವ ರೀತಿ ಬೇರೆ, ಚಕ್ಕೆ ಬೆಳೆಯುವ ರೀತಿ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡರೆ ಮುಂದಿನದೆಲ್ಲ ಗೋಜಲಾಗುತ್ತದೆ.

ಹರಳು ಬೆಳೆಯುವುದು ಗಾಳಿಯಲ್ಲಿರುವ ಆವಿ ನೇರವಾಗಿ ಅದರ ಮೇಲೆ ಮಂಜುಗಡ್ಡೆಯಾಗಿ ಕೂರುವುದರಿಂದ. ಜಪಾನಿನ ಹೊಕ್ಕೈಡೊದಲ್ಲಿ ಭೌತವಿಜ್ಞಾನಿ ಉಕಿಚಿರೊ ನಕಾಯಾ 1936ರಲ್ಲಿ ಪ್ರಯೋಗಾಲಯದೊಳಗೆ ಮೊಲದ ಕೂದಲಿನ ಮೇಲೆ ಹಿಮದ ಹರಳು ಬೆಳೆಸಿ ತೋರಿಸಿದರು. ಆಕಾರವನ್ನು ತೀರ್ಮಾನಿಸುವುದು ಉಷ್ಣತೆ ಮತ್ತು ತೇವಾಂಶ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ಸೊನ್ನೆಗಿಂತ 2 ಡಿಗ್ರಿ ಕೆಳಗೆ ತೆಳು ತಟ್ಟೆಗಳು, 5 ಡಿಗ್ರಿ ಕೆಳಗೆ ಸೂಜಿಗಳು, 15 ಡಿಗ್ರಿ ಕೆಳಗಿನ ಆಸುಪಾಸಿನಲ್ಲಿ ಕವಲೊಡೆದ ನಕ್ಷತ್ರಗಳು.

ಚಕ್ಕೆ ಬೆಳೆಯುವುದು ಡಿಕ್ಕಿಯಿಂದ. ಹರಳುಗಳು ಬೇರೆ ಬೇರೆ ವೇಗದಲ್ಲಿ ಬೀಳುವುದರಿಂದ ಒಂದು ಇನ್ನೊಂದನ್ನು ಮುಟ್ಟುತ್ತದೆ. ಮುಟ್ಟಿದ್ದೆಲ್ಲ ಅಂಟುವುದಿಲ್ಲ. ಅಂಟಲು ಎರಡು ದಾರಿ ಇವೆ. 15 ಡಿಗ್ರಿ ಕೆಳಗಿನ ಪದರದಲ್ಲಿ ನಕ್ಷತ್ರಗಳ ಕವಲುಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಇನ್ನೊಂದು, ಹೆಚ್ಚು ಮುಖ್ಯವಾದದ್ದು, ಸೊನ್ನೆಗೆ ಹತ್ತಿರದ ಪದರ. ಮಂಜು ಕರಗುವ ಮಟ್ಟ ಮುಟ್ಟುವ ಮೊದಲೇ ಅದರ ಮೈಮೇಲೆ ಅತಿ ತೆಳುವಾದ, ಅರೆದ್ರವದಂಥ ಪೊರೆ ಇರುತ್ತದೆ. ಸೊನ್ನೆ ಹತ್ತಿರವಾದಂತೆ ಅದು ದಪ್ಪವಾಗುತ್ತದೆ. ಆಗ ಮುಟ್ಟಿದ್ದು ಬಿಡುವುದಿಲ್ಲ. ಕೊರೆಯುವ ಚಳಿಯಲ್ಲಿ ಹಿಮ ಪುಡಿಪುಡಿಯಾಗಿ ಬೀಳುವುದಕ್ಕೂ, ಚಳಿ ತುಸು ಸಡಿಲವಾದ ದಿನ ದೊಡ್ಡ ದೊಡ್ಡ ಚಕ್ಕೆಗಳಾಗಿ ಬೀಳುವುದಕ್ಕೂ ಇದೇ ಕಾರಣ. ದೊಡ್ಡ ಚಕ್ಕೆ ಹೆಚ್ಚು ಚಳಿಯ ಗುರುತಲ್ಲ, ಹಿಮ ಇನ್ನೇನು ಮಳೆಯಾಗಲಿದೆ ಎಂಬುದರ ಗುರುತು.

ಚಕ್ಕೆಯ ಗಾತ್ರವನ್ನು ತೀರ್ಮಾನಿಸುವ ಇನ್ನೊಂದು ಸಂಗತಿ ಗಾಳಿ. ಚಕ್ಕೆ ಬಹಳ ನಾಜೂಕು, ಅದರೊಳಗೆ ಮಂಜಿಗಿಂತ ಖಾಲಿ ಜಾಗವೇ ಹೆಚ್ಚು. ಗಾಳಿ ಸುಳಿಯಾಡಿದರೆ ಒಡೆದು ಚೂರಾಗುತ್ತದೆ. ಅಮೆರಿಕದ ಮೊಂಟಾನಾದ ಫೋರ್ಟ್ ಕಿಯೊ ಬಳಿ 1887ರ ಜನವರಿಯಲ್ಲಿ 15 ಇಂಚು ಅಗಲ, 8 ಇಂಚು ದಪ್ಪದ ಚಕ್ಕೆಗಳು ಬಿದ್ದವೆಂಬ ವರದಿ ಗಿನ್ನೆಸ್ ದಾಖಲೆಯಲ್ಲೂ ಸೇರಿದೆ. ಅದಕ್ಕೆ ಫೋಟೊ ಸಾಕ್ಷಿ ಇಲ್ಲ. ಅಷ್ಟು ಅಗಲದ್ದು ನೆಲದವರೆಗೂ ಒಡೆಯದೆ ಬರಬೇಕಾದರೆ ಗಾಳಿ ಪೂರ್ತಿ ನಿಂತಿರಬೇಕು. ಆ ಅಳತೆಯನ್ನು ಎಚ್ಚರದಿಂದಲೇ ಓದಬೇಕು. ಐದು ಸೆಂಟಿಮೀಟರ್ ದಾಟಿದ ಚಕ್ಕೆಯೇ ನೋಡಲು ಸಿಕ್ಕರೆ ಅದು ಒಳ್ಳೆಯ ದಿನ.

ಕೊಡಗಿನ ಬಹಳ ಮನೆಗಳಲ್ಲಿ ಹಿಮವನ್ನು ಕಣ್ಣಾರೆ ಕಂಡವರೊಬ್ಬರು ಇದ್ದೇ ಇರುತ್ತಾರೆ. ಮಡಿಕೇರಿಯ ಜನರಲ್ ತಿಮ್ಮಯ್ಯನವರು 1948ರ ನವೆಂಬರ್ 1ರಂದು ಝೋಜಿಲಾ ಕಣಿವೆಯ ಮೇಲೆ ಟ್ಯಾಂಕ್ ನುಗ್ಗಿಸಿದ್ದು ಸುಮಾರು 3,500 ಮೀಟರ್ ಎತ್ತರದಲ್ಲಿ. ಇಂದಿಗೂ ಸೈನ್ಯದಲ್ಲಿದ್ದು ಕಾಶ್ಮೀರ, ಲಡಾಖ್‌ಗಳಲ್ಲಿ ಚಳಿಗಾಲ ಕಳೆಯುವವರಿದ್ದಾರೆ, ಪ್ರವಾಸಕ್ಕೆ ಮನಾಲಿಗೆ ಹೋಗುವವರೂ ಇದ್ದಾರೆ. ಅವರಿಗಾಗಿ ದೊಡ್ಡ ಚಕ್ಕೆ ನೋಡುವ ಕ್ರಮ ಹೇಳಿಬಿಡುತ್ತೇವೆ.

ಥರ್ಮಾಮೀಟರ್ ಸೊನ್ನೆಯಿಂದ 2 ಡಿಗ್ರಿಯೊಳಗೆ ಇದ್ದು, ಗಾಳಿ ನಿಂತಿದ್ದು, ಹಿಮ ಜೋರಾಗಿ ಬೀಳುತ್ತಿರುವ ಹೊತ್ತು ನೋಡಿ. ಸೊನ್ನೆಗಿಂತ ಮೇಲಿದ್ದರೂ ಹಿಮ ನೆಲ ಮುಟ್ಟುತ್ತದೆ, ಏಕೆಂದರೆ ಕರಗಲು ಮತ್ತು ಆವಿಯಾಗಲು ಬೇಕಾದ ಶಾಖವನ್ನು ಅದು ಸುತ್ತಲಿನ ಗಾಳಿಯಿಂದಲೇ ಎಳೆದುಕೊಂಡು ತನ್ನ ದಾರಿಯನ್ನು ತಂಪು ಮಾಡಿಕೊಳ್ಳುತ್ತದೆ. ಒಂದು ಕಪ್ಪು ಉಣ್ಣೆ ಬಟ್ಟೆಯನ್ನು ರಟ್ಟಿನ ಮೇಲೆ ಬಿಗಿದು, ಹೊರಗೆ ಹಿಮ ಬೀಳದ ಸೂರಿನಡಿ ಕಾಲು ಗಂಟೆ ಇಟ್ಟು ತಣಿಸಿ. ಕೋಣೆಯಿಂದ ನೇರವಾಗಿ ತಂದ ಬಟ್ಟೆಯ ಮೇಲೆ ಚಕ್ಕೆ ಬಿದ್ದ ಕೂಡಲೇ ನೀರು. ಬಟ್ಟೆಯನ್ನು ಮೈಯಿಂದ ದೂರ ಹಿಡಿಯಿರಿ, ಉಸಿರು ಪಕ್ಕಕ್ಕೆ ಬಿಡಿ. ಸ್ಕೇಲನ್ನು ಮೊದಲೇ ಬಟ್ಟೆಯ ಅಂಚಿಗೆ ಹೊಲಿದಿಟ್ಟರೆ ಒಂದೇ ಫೋಟೊದಲ್ಲಿ ಚಕ್ಕೆ, ಅಳತೆ ಎರಡೂ ಸಿಗುತ್ತವೆ. ಫ್ಲ್ಯಾಷ್ ಬೇಡ, ಬಿಳಿ ಚೆಲ್ಲಿ ಹೋಗಿ ಹರಳಿನ ಅಂಚು ಕಾಣುವುದಿಲ್ಲ. ಬೀಳುವುದನ್ನು ನೋಡಲು ಆಕಾಶದ ಕಡೆ ಕತ್ತೆತ್ತಬೇಡಿ. ದೇವದಾರು ಮರಗಳ ಕಡುಹಸಿರಿನ ಎದುರು ನೋಡಿ. ದೊಡ್ಡ ಚಕ್ಕೆ ನೆಟ್ಟಗೆ ಬೀಳುವುದಿಲ್ಲ, ಓಲಾಡುತ್ತ, ತಿರುಗುತ್ತ ಇಳಿಯುತ್ತದೆ. ವೇಗ ಸೆಕೆಂಡಿಗೆ ಸುಮಾರು 1 ಮೀಟರ್, ಹೆಚ್ಚೆಂದರೆ ಒಂದೂವರೆ. ಅಗಲ ಎರಡರಷ್ಟಾದರೂ ವೇಗ ಹೆಚ್ಚೇನೂ ಏರುವುದಿಲ್ಲ, ತೂಕದ ಜೊತೆಗೆ ಗಾಳಿಯ ತಡೆಯೂ ಏರುತ್ತದಲ್ಲ.

ಈಗ ಕೊಡಗಿಗೆ ಬರೋಣ. ನಮ್ಮ ಅಕ್ಷಾಂಶದಲ್ಲಿ ಸೊನ್ನೆ ಡಿಗ್ರಿಯ ಮಟ್ಟ ಸಮುದ್ರಮಟ್ಟದಿಂದ ಸುಮಾರು 5 ಕಿ.ಮೀ. ಮೇಲಿದೆ. ಋತು ಬದಲಾದರೂ ಅದು ಸ್ವಲ್ಪವಷ್ಟೇ ಏರಿಳಿಯುತ್ತದೆ. ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ 1,748 ಮೀಟರ್. ಆ ತುದಿಯಿಂದಲೂ ಸೊನ್ನೆಯ ಮಟ್ಟ ಮೂರು ಕಿಲೋಮೀಟರಿಗಿಂತ ಮೇಲೆ. ಡಿಸೆಂಬರ್ ಬೆಳಗ್ಗೆ ಎಷ್ಟೇ ನಡುಗಿದರೂ ಇಲ್ಲಿ ಹಿಮ ಬೀಳದಿರುವುದು ಇದರಿಂದ. ನೆಲದ ಹತ್ತಿರದ ಚಳಿ ಸಾಲದು, ಮೋಡದಿಂದ ನೆಲದವರೆಗಿನ ಇಡೀ ದಾರಿ ತಣ್ಣಗಿರಬೇಕು.

ಆದರೆ ಬೇಸಿಗೆಯ ಗುಡುಗಿನ ಮೋಡದ ತಲೆ 12 ಕಿ.ಮೀ. ದಾಟಿ ಹೋಗುತ್ತದೆ. ಅದರ ಮೇಲರ್ಧವೆಲ್ಲ ಸೊನ್ನೆಗಿಂತ ಕೆಳಗಿನ ಲೋಕ. ಅಲ್ಲಿ ಹರಳು ಹುಟ್ಟಿ, ಇಳಿಯುತ್ತ ಚಕ್ಕೆಯಾಗಿ, ಸೊನ್ನೆಯ ಮಟ್ಟದ ಹತ್ತಿರ ಅತಿ ದೊಡ್ಡದಾಗಿ, ಅದನ್ನು ದಾಟಿದ ಮೇಲೆ ಕೆಲವು ನೂರು ಮೀಟರಿನೊಳಗೆ ಕರಗಿಬಿಡುತ್ತದೆ. ಲೆಕ್ಕ ಹಾಕಿ ನೋಡಿ. ಎರಡು ಸೆಂಟಿಮೀಟರ್ ಅಗಲದ ಉಂಡೆಯಾಕಾರದ ಚಕ್ಕೆ, ನೀರಿನ ನೂರರಲ್ಲೊಂದು ಪಾಲು ಸಾಂದ್ರತೆ ಎಂದುಕೊಂಡರೆ ಅದರ ತೂಕ ಸುಮಾರು 0.04 ಗ್ರಾಂ. ಅದು ಒಡೆಯದೆ ಕರಗಿದರೆ 4 ಮಿ.ಮೀ.ಗಿಂತ ತುಸು ದೊಡ್ಡ ಹನಿ. ಕರಗುವವರೆಗೆ ಸೆಕೆಂಡಿಗೆ ಒಂದು ಮೀಟರಿನಂತೆ ತೇಲಿದ್ದು, ಹನಿಯಾದ ಕೂಡಲೇ ಸೆಕೆಂಡಿಗೆ 9 ಮೀಟರಿನ ಹತ್ತಿರದ ವೇಗ ಹಿಡಿಯುತ್ತದೆ. ಕರಗಲು ಐದಾರು ನಿಮಿಷ, ಅಲ್ಲಿಂದ 1,150 ಮೀಟರ್ ಎತ್ತರದ ಮಡಿಕೇರಿಗೆ ಇಳಿಯಲು ಇನ್ನೊಂದು ಆರು ನಿಮಿಷ.

ಮಳೆಗೆ ಮುಂಚೆ ನುಗ್ಗಿಬರುವ ತಣ್ಣನೆ ಗಾಳಿಯಲ್ಲೂ ಇದರ ಪಾಲಿದೆ. ಒಂದು ಗ್ರಾಂ ಮಂಜು ಕರಗಲು 80 ಕ್ಯಾಲೊರಿ ಶಾಖ ಬೇಕು. ಹನಿಗಳು ಅರ್ಧ ದಾರಿಯಲ್ಲಿ ಆವಿಯಾಗಲು ಅದಕ್ಕಿಂತ ಎಷ್ಟೋ ಹೆಚ್ಚು. ಆ ಶಾಖ ಕಳೆದುಕೊಂಡ ಗಾಳಿ ಭಾರವಾಗಿ ಕೆಳಗೆ ಬಿದ್ದು ತೋಟದುದ್ದಕ್ಕೂ ಹರಡುತ್ತದೆ. ಸಿಲ್ವರ್ ಮರಗಳ ತುದಿ ಬಾಗುವುದು ಆಗಲೇ.

ಗುಡುಗಿನ ಮಳೆಯಲ್ಲೂ ಎರಡು ಭಾಗಗಳಿವೆ, ಗಮನಿಸಿದರೆ ಕೇಳಿಸುತ್ತದೆ. ಮೊದಲ ಹತ್ತಿಪ್ಪತ್ತು ನಿಮಿಷದ ಅಬ್ಬರ ಮೋಡದ ನಡುಭಾಗದ್ದು. ಅಲ್ಲಿ ಮೇಲ್ಮುಖ ಗಾಳಿ ಬಲವಾಗಿದ್ದು ಹರಳುಗಳ ಮೈಗೆ ಅತಿಶೀತಲ (ಸೊನ್ನೆಗಿಂತ ಕೆಳಗಿದ್ದೂ ಹೆಪ್ಪುಗಟ್ಟದ) ನೀರಹನಿಗಳು ಬಡಿದು ಹೆಪ್ಪುಗಟ್ಟಿ ಮೆದು ಗುಳಿಗೆಗಳಾಗುತ್ತವೆ. ಅಲ್ಲಿಂದ ಬರುವ ದಪ್ಪ ಹನಿ ಗುಳಿಗೆಯೋ ಆಲಿಕಲ್ಲೋ ಕರಗಿದ್ದು. ಆಮೇಲೆ ಗುಡುಗು ದೂರವಾಗಿ, ಅರ್ಧ ಮುಕ್ಕಾಲು ಗಂಟೆ ಒಂದೇ ಸಮನೆ ಸುರಿಯುತ್ತದಲ್ಲ, ಚಕ್ಕೆಗಳು ಕರಗಿ ಬರುವ ಮಳೆ ಅದು. ನಮ್ಮ ಮಟ್ಟಿಗೆ ನೋಡಬೇಕಾದ, ಕೇಳಬೇಕಾದ ಮಳೆ ಈ ಎರಡನೆಯದೇ.

ಕಕ್ಕಡದ, ಅಂದರೆ ಕೊಡಗಿನ ಮಳೆಗಾಲದ, ಮಳೆಯ ಕಥೆ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ಅರಬ್ಬಿ ಸಮುದ್ರದ ಗಾಳಿ ಘಟ್ಟಕ್ಕೆ ಗುದ್ದಿ ಮೇಲೇರುವಾಗ ಕಟ್ಟುವ ಮೋಡಗಳಲ್ಲಿ ಬಹುಪಾಲು ಗಿಡ್ಡವು. ತಲೆ ಸೊನ್ನೆಯ ಮಟ್ಟವನ್ನೇ ಮುಟ್ಟುವುದಿಲ್ಲ. ಹಿಮದ ಹಂಗಿಲ್ಲದೆ, ಮೋಡದ ಸಣ್ಣ ಹನಿಗಳು ಒಂದಕ್ಕೊಂದು ಕೂಡಿಕೊಂಡೇ ಮಳೆಯಾಗುತ್ತದೆ. ಬೆಳೆಯಲು ಜಾಗ ಕಡಿಮೆ, ಹೀಗಾಗಿ ಹನಿ ಸಣ್ಣದು, ಸಂಖ್ಯೆ ವಿಪರೀತ. ಭಾಗಮಂಡಲದಲ್ಲಿ ಮೂರು ದಿನ ಎಡೆಬಿಡದೆ ಸುರಿದರೂ ಕೊಡೆಯ ಮೇಲೆ ಹೂಮಳೆಯಷ್ಟು ಸದ್ದಾಗದಿರುವುದು ಇದಕ್ಕೇ. ನಡುನಡುವೆ ಎತ್ತರದ ಮೋಡ ಎದ್ದು ದಪ್ಪ ಹನಿ ಬೀಳುವುದೂ ಉಂಟು, ಆದರೆ ಆ ತಿಂಗಳುಗಳ ಸ್ವಭಾವ ಅದಲ್ಲ. ಘಟ್ಟದ ಮೋಡ, ಹನಿಗಳನ್ನು ವಿಜ್ಞಾನಿಗಳು ಅಳೆಯುತ್ತಾರೆ; ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಹಾಬಲೇಶ್ವರದಲ್ಲಿ 2012ರಿಂದ ಪ್ರಯೋಗಾಲಯ ನಡೆಸುತ್ತಿದೆ.

ಗಾತ್ರದ ವ್ಯತ್ಯಾಸ ಸಣ್ಣದೆನಿಸಬಹುದು, ಪರಿಣಾಮ ಸಣ್ಣದಲ್ಲ. 1 ಮಿ.ಮೀ. ಹನಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬೀಳುತ್ತದೆ, 2 ಮಿ.ಮೀ. ಹನಿ ಆರೂವರೆ, 4 ಮಿ.ಮೀ. ಹನಿ ಎಂಟೂ ಮುಕ್ಕಾಲು ಮೀಟರ್. 4 ಮಿ.ಮೀ. ಹನಿಯ ತೂಕ 1 ಮಿ.ಮೀ. ಹನಿಯ 64 ಪಟ್ಟು, ನೆಲಕ್ಕೆ ಬಡಿಯುವ ಶಕ್ತಿ 300 ಪಟ್ಟಿಗಿಂತ ಹೆಚ್ಚು. ಫೆಬ್ರುವರಿ–ಮಾರ್ಚ್‌ನಲ್ಲಿ ಒಂದು ಇಂಚು ಹೂಮಳೆ ಬಂದರೆ ರೊಬಸ್ಟಾಕ್ಕೆ ಹಬ್ಬ, ಎಂಟು ದಿನದಲ್ಲಿ ತೋಟ ಬೆಳ್ಳಗೆ ಅರಳುತ್ತದೆ. ಅದೇ ಒಂದು ಇಂಚು ಬರಿನೆಲದ ಮೇಲ್ಮಣ್ಣನ್ನು ಕೆದರಿ ರಸ್ತೆಗೆ ತರುವುದೂ ನಿಜ. ಕಸಿ ಮಾಡಿದ ಹೊಸ ತೋಟದಲ್ಲಿ, ಹೊಸದಾಗಿ ಕಡಿದ ದಿಬ್ಬದಲ್ಲಿ ಬುಡಕ್ಕೆ ಒಣ ಎಲೆ ಹೊದಿಸುವ ಕೆಲಸ ಮಳೆಗಾಲದ ತನಕ ಕಾಯಬಾರದು, ಹೂಮಳೆಗೆ ಮುಂಚೆಯೇ ಆಗಬೇಕು.

ಹನಿಯ ಗಾತ್ರವನ್ನು ಮನೆಯಲ್ಲೇ ಅಳೆಯಬಹುದು, ಬೇಕಾದದ್ದು ಮೈದಾ. ಅಮೆರಿಕದ ವರ್ಮಾಂಟ್‌ನ ರೈತ ವಿಲ್ಸನ್ ಬೆಂಟ್ಲಿ ಈ ವಿಧಾನ ಬಳಸಿದವರು. 1885ರಲ್ಲಿ ಸೂಕ್ಷ್ಮದರ್ಶಕದ ಮೂಲಕ ಹಿಮದ ಹರಳಿನ ಫೋಟೊ ತೆಗೆದು ಹೆಸರಾದ ಅದೇ ವ್ಯಕ್ತಿ. ಮಳೆಹನಿಗಳ ಮೇಲಿನ ತನ್ನ ಅಳತೆಗಳನ್ನು ಅವರು 1904ರಲ್ಲಿ ಪ್ರಕಟಿಸಿದರು.

ಒಂದಿಂಚು ಅಂಚಿರುವ ಸ್ಟೀಲ್ ತಟ್ಟೆಗೆ ಜರಡಿ ಹಿಡಿದ ಮೈದಾವನ್ನು ಉದುರುದುರಾಗಿ ತುಂಬಿ. ಒತ್ತಬೇಡಿ, ತಟ್ಟಬೇಡಿ, ಸ್ಕೇಲಿನಿಂದ ಮೇಲ್ಭಾಗ ಸವರಿದರೆ ಸಾಕು. ಮೈದಾ ಗಟ್ಟಿಯಾಗಿದ್ದರೆ ದಪ್ಪ ಹನಿ ಒಳಗಿಳಿಯದೆ ಮೇಲೆಯೇ ಸಿಡಿದು ಎರಡು ಮೂರಾಗುತ್ತದೆ, ಅಳತೆ ಸುಳ್ಳಾಗುತ್ತದೆ. ಮುಚ್ಚಳ ಮುಚ್ಚಿ ಬಯಲಿಗೆ ಒಯ್ಯಿರಿ, ಮನೆಯ ಸೂರಿನಿಂದ ಮತ್ತು ಮರಗಳಿಂದ ದೂರ. ಜೋರು ಮಳೆಯಾದರೆ ಎರಡು ಸೆಕೆಂಡು, ತುಂತುರಾದರೆ ಎಂಟು ಹತ್ತು ಸೆಕೆಂಡು ಮುಚ್ಚಳ ತೆಗೆದು ಮತ್ತೆ ಮುಚ್ಚಿ. ಹೆಚ್ಚು ಹೊತ್ತು ಹಿಡಿದರೆ ಹನಿಯ ಮೇಲೆ ಹನಿ ಬಿದ್ದು ಉಂಡೆಗಳು ಅಂಟಿಕೊಳ್ಳುತ್ತವೆ. ಎಲ್ಲರೂ ಮೊದಲ ಸಲ ಮಾಡುವ ತಪ್ಪು ಅದೇ.

ಪ್ರತಿ ಹನಿಯೂ ಮೈದಾದಲ್ಲಿ ಒಂದು ಪುಟ್ಟ ಉಂಡೆ ಕಟ್ಟುತ್ತದೆ. ಬೇಸಿಗೆಯಲ್ಲಿ ತಟ್ಟೆಯನ್ನು ಒಂದು ರಾತ್ರಿ ಒಳಗಿಟ್ಟರೆ ಉಂಡೆ ಗಟ್ಟಿಯಾಗುತ್ತದೆ. ಕಕ್ಕಡದ ತೇವದಲ್ಲಿ ಹಾಗಾಗುವುದಿಲ್ಲ, ಬೂಸಲು ಬರುತ್ತದೆ; ಒಲೆಯ ಪಕ್ಕ ಬೆಚ್ಚಗಿಟ್ಟು ಒಣಗಿಸಿ. ಒಣಗಿದ ಮೇಲೆ ಮೆಲ್ಲಗೆ ಜರಡಿ ಹಿಡಿದು ಉಂಡೆಗಳನ್ನು ಬೇರ್ಪಡಿಸಿ. ಸರಿಸುಮಾರು ಒಂದೇ ಗಾತ್ರದ ಹತ್ತು ಉಂಡೆಗಳನ್ನು ಸಾಲಾಗಿಟ್ಟು ಒಟ್ಟು ಉದ್ದ ಅಳೆದು ಹತ್ತರಿಂದ ಭಾಗಿಸಿ.

ಉಂಡೆಯ ಅಳತೆಯೇ ಹನಿಯ ಅಳತೆ ಎಂದುಕೊಳ್ಳಬೇಡಿ, ಮೈದಾದಿಂದ ಮೈದಾಕ್ಕೆ ವ್ಯತ್ಯಾಸ ಬರುತ್ತದೆ. ಅದಕ್ಕೆ ತಾಳೆ ನೋಡಬೇಕು. ಔಷಧಿಯ ಡ್ರಾಪರ್‌ನಿಂದ ಎಷ್ಟು ಹನಿಗೆ 1 ಮಿ.ಲೀ. ಆಗುತ್ತದೆ ಎಣಿಸಿ. 20 ಹನಿ ಆದರೆ ಒಂದೊಂದರ ವ್ಯಾಸ 4.6 ಮಿ.ಮೀ.; 50 ಆದರೆ 3.4, ಸಣ್ಣ ಸೂಜಿಯ ಸಿರಿಂಜ್‌ನಿಂದ ಬಿಟ್ಟು 100 ಹನಿ ಆದರೆ 2.7 ಮಿ.ಮೀ. ಆ ಹನಿಗಳನ್ನು ಮಹಡಿ ಮೆಟ್ಟಿಲಿನ ಎತ್ತರದಿಂದ ಅದೇ ಮೈದಾದ ಇನ್ನೊಂದು ತಟ್ಟೆಗೆ ಬೀಳಿಸಿ, ಒಣಗಿಸಿ, ಉಂಡೆ ಅಳೆಯಿರಿ. ಯಾವ ಉಂಡೆಗೆ ಯಾವ ಹನಿ ಎಂಬ ಪಟ್ಟಿ ಸಿಕ್ಕಿತು. ಇದನ್ನು ಗೋಡೆಗೆ ಅಂಟಿಸಿಟ್ಟರೆ ಆ ಮೈದಾ ಚೀಲ ಮುಗಿಯುವವರೆಗೆ ಬಳಸಬಹುದು.

5 ಮಿ.ಮೀ. ದಾಟಿದ ಹನಿ ಕಡಿಮೆ. ಆ ಗಾತ್ರಕ್ಕೆ ಬಂದ ಹನಿ ಗುಂಡಗಿರುವುದಿಲ್ಲ, ಕೆಳಗೆ ಚಪ್ಪಟೆ ಮೇಲೆ ಉಬ್ಬು, ಬನ್ನಿನ ಹಾಗೆ; ಇನ್ನೂ ಬೆಳೆದರೆ ನಡುವೆ ಗಾಳಿ ತುಂಬಿ ಒಡೆದುಹೋಗುತ್ತದೆ. ಚಿತ್ರಗಳಲ್ಲಿ ಬರೆಯುವ ಚೂಪು ತುದಿಯ ಹನಿ ಆಕಾಶದಲ್ಲಿ ಇಲ್ಲವೇ ಇಲ್ಲ. ತೋಟದ ಒಳಗೆ ತಟ್ಟೆ ಹಿಡಿದರೆ ಮಾತ್ರ ಯಾವ ಕಾಲದಲ್ಲೂ 5 ಮಿ.ಮೀ. ಹತ್ತಿರದ ಉಂಡೆಗಳು ಸಿಗುತ್ತವೆ. ಅದು ಮಳೆಯ ಗಾತ್ರವಲ್ಲ, ಎಲೆಯ ತುದಿಯಲ್ಲಿ ಕೂಡಿ ತೊಟ್ಟಿಕ್ಕಿದ ನೀರಿನ ಗಾತ್ರ. ಕಕ್ಕಡದ ಸೋನೆಮಳೆಯನ್ನೂ ಮರ ದಪ್ಪ ಹನಿ ಮಾಡಿ ಕೆಳಗೆ ಬಿಡುತ್ತದೆ. ಎತ್ತರದ ನೆರಳು ಮರದ ಕೆಳಗೆ ನೆಲ ಬರಿದಾಗಿದ್ದರೆ ಅಲ್ಲಿ ಸಣ್ಣ ಸಣ್ಣ ಗುಳಿಗಳಾಗುವುದು ಇದರಿಂದ. ನಡುವೆ ಕಾಫಿ ಗಿಡದ ಹರವು ದಟ್ಟವಾಗಿದ್ದರೆ ಅದು ಹನಿಯನ್ನು ಮತ್ತೊಮ್ಮೆ ತಡೆಯುತ್ತದೆ.

ರಾಡಾರ್ ಚಿತ್ರ ನೋಡುವವರು ಇದನ್ನು ನೆನಪಿಡಬೇಕು. ರಾಡಾರ್‌ಗೆ ಮರಳಿ ಬರುವ ಅಲೆ ಹನಿಯ ವ್ಯಾಸದ ಆರನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಒಂದು 4 ಮಿ.ಮೀ. ಹನಿ 4,096 ಒಂದು ಮಿಲಿಮೀಟರ್ ಹನಿಗಳಷ್ಟು ಹೊಳೆಯುತ್ತದೆ. ಅರ್ಧ ಕರಗಿ ನೀರು ಮೆತ್ತಿಕೊಂಡ ಚಕ್ಕೆಗಳಂತೂ ದೈತ್ಯ ಹನಿಗಳಂತೆ ತೋರುತ್ತವೆ, ಸೊನ್ನೆಯ ಮಟ್ಟದ ಸ್ವಲ್ಪ ಕೆಳಗೆ ರಾಡಾರ್‌ನಲ್ಲಿ ಒಂದು ಉಜ್ವಲ ಪಟ್ಟಿಯೇ ಎದ್ದು ಕಾಣುತ್ತದೆ. ನೆಲದಲ್ಲಿ ನಿಂತು ಕಾಣಲಾಗದ ಕೊಡಗಿನ ಹಿಮಪಾತ ಕಣ್ಣಿಗೆ ಬೀಳುವುದು ಅಲ್ಲಿ. ಇನ್ನು ಭೂಮಿ ಗುಂಡಗಿರುವುದರಿಂದ, ಅರ್ಧ ಡಿಗ್ರಿ ಮೇಲ್ಮುಖವಾಗಿ ಬಿಟ್ಟ ಕಿರಣ 250 ಕಿ.ಮೀ. ದೂರಕ್ಕೆ ಬರುವಷ್ಟರಲ್ಲಿ ಸುಮಾರು 6 ಕಿ.ಮೀ. ಮೇಲಿರುತ್ತದೆ. ಕಕ್ಕಡದ ಗಿಡ್ಡ ಮೋಡ ಅದರ ಕೆಳಗೇ ಉಳಿದುಬಿಡುತ್ತದೆ. ದೂರದ ರಾಡಾರ್‌ನಲ್ಲಿ ಖಾಲಿ ಕಂಡ ದಿನವೂ ತಲಕಾವೇರಿಯಲ್ಲಿ ಇಂಚುಗಟ್ಟಲೆ ಮಳೆಯಾಗಬಹುದು. ಆ ದಿನಗಳಲ್ಲಿ ನಂಬಬೇಕಾದದ್ದು ತೋಟದ ಮಳೆಮಾಪಕದ ಇಂಚು, ಸೆಂಟಿನ (ಇಂಚಿನ ನೂರರಲ್ಲೊಂದು ಪಾಲಿನ) ಲೆಕ್ಕವನ್ನೇ.

ಕೊನೆಗೆ ಆಲಿಕಲ್ಲು. ಚಕ್ಕೆ ಕರಗಿಹೋಗುವ ದಾರಿಯಲ್ಲೇ ಇದು ಉಳಿದು ಬರುವುದು ತೂಕ ಮತ್ತು ವೇಗದಿಂದ. ಎರಡು ಸೆಂಟಿಮೀಟರ್ ಕಲ್ಲು ಗಂಟೆಗೆ 50 ಕಿ.ಮೀ. ಆಚೀಚೆಯ ವೇಗದಲ್ಲಿ ಬಿದ್ದು ಸೊನ್ನೆಯ ಮಟ್ಟದಿಂದ ಐದು ನಿಮಿಷದೊಳಗೆ ಮಡಿಕೇರಿ ಮುಟ್ಟುತ್ತದೆ. ಕರಾವಳಿಗಾದರೆ ಇನ್ನೂ ಒಂದು ಕಿಲೋಮೀಟರಿಗೂ ಹೆಚ್ಚು ಬಿಸಿಗಾಳಿಯ ದಾರಿ ಉಳಿದಿರುತ್ತದೆ. ಸಣ್ಣ ಕಲ್ಲು ಅಲ್ಲೇ ನೀರಾಗುತ್ತದೆ. 5 ಮಿ.ಮೀ.ಗಿಂತ ದೊಡ್ಡದಾದರೆ ಆಲಿಕಲ್ಲು ಎನ್ನುವುದು ಹವಾಮಾನದವರ ಲೆಕ್ಕ. ಅದಕ್ಕಿಂತ ಸಣ್ಣದಾಗಿ, ಬೆಳ್ಳಗೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತಿದ್ದರೆ ಅದು ಮೆದು ಗುಳಿಗೆ.

ಅಬ್ಬರ ನಿಂತ ಮೇಲೆಯೇ ಹೊರಗೆ ಹೋಗಿ, ಸಿಡಿಲು ಆಗಿನ್ನೂ ಹತ್ತಿರದಲ್ಲೇ ಇರಬಹುದು; ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ತಡೆಯುವುದು ಕ್ಷೇಮ. ಮಳೆಯ ನಡುವೆ ಮೈದಾ ತಟ್ಟೆ ಹಿಡಿಯಲೂ ಇದೇ ನಿಯಮ, ಗುಡುಗು ಕೇಳುತ್ತಿದ್ದರೆ ಜಗಲಿ ಇಳಿಯಬೇಡಿ. ಅಷ್ಟರಲ್ಲಿ ಬಯಲಿನ ಕಲ್ಲು ಕರಗುತ್ತದೆ, ನಿಜ. ನೆರಳಲ್ಲಿ, ಹೆಂಚಿನ ಸೂರಿನ ಬುಡದಲ್ಲಿ ಗುಡ್ಡೆಯಾಗಿ ಉಳಿದಿರುವ ರಾಶಿಯ ಒಳಗಿನಿಂದ ತೆಗೆಯಿರಿ. ಕೈಯಲ್ಲಿ ಹಿಡಿಯದೆ ಚಮಚದಿಂದ ಎತ್ತಿ, ಉದ್ದವಾದ ಅಡ್ಡಳತೆ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ಗೆ ಹಾಕಿ. ಕರೆಂಟು ಹೋಗಿರುವ ಸಂಭವವೇ ಹೆಚ್ಚು, ಬಾಗಿಲು ಮತ್ತೆ ಮತ್ತೆ ತೆರೆಯಬೇಡಿ. ಗಟ್ಟಿಯಾದ ಮೇಲೆ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ನಡುವೆ ಸೀಳಿದರೆ ಬಿಳಿ ಪದರ, ತಿಳಿ ಪದರ ಒಂದರ ಮೇಲೊಂದು ಕಾಣುತ್ತವೆ. ಬಿಳಿಯದು ನೀರು ತಟ್ಟನೆ ಹೆಪ್ಪುಗಟ್ಟಿ ಗಾಳಿಗುಳ್ಳೆ ಸಿಕ್ಕಿಬಿದ್ದ ಭಾಗ, ತಿಳಿಯದು ನಿಧಾನವಾಗಿ ಹೆಪ್ಪುಗಟ್ಟಿ ಗುಳ್ಳೆ ಹೊರಹೋದ ಭಾಗ. ನಟ್ಟನಡುವೆ ಅಕ್ಕಿಕಾಳಿಗಿಂತ ದೊಡ್ಡದಲ್ಲದ ಒಂದು ಬಿಳಿ ಚುಕ್ಕೆ ಸಾಮಾನ್ಯವಾಗಿ ಇರುತ್ತದೆ. ಬಹಳ ಕಲ್ಲುಗಳಲ್ಲಿ ಅದು, ಇಡೀ ಕಲ್ಲು ಸುತ್ತಿಕೊಂಡು ಬೆಳೆದ ಮೊದಲ ಮೆದು ಗುಳಿಗೆ.